ಬೆಂಚಿನ ಮೇಲೆ ಯಾರ್ಯಾರು

ಕುರ್ಚಿ ಒಬ್ಬರದು. ಬೆಂಚು ಎಷ್ಟು ಮಂದಿಯದು ಎಂಬುದು ಆಮೇಲೆ ಬಂದವರ ಮುಖ ನೋಡಿ ತೀರ್ಮಾನವಾಗುತ್ತದೆ.

*

ಕುರ್ಚಿಯ ಜಗಳದಲ್ಲಿ ಪೂರ್ತಿ ಕುರ್ಚಿಯೇ ಬೇಕು. ಬೆಂಚಿನ ಜಗಳವೆಲ್ಲ ನಾಲ್ಕು ಬೆರಳು ಜಾಗದ್ದು. ಕುರ್ಚಿ ಕಳೆದುಕೊಂಡವನು ಎದ್ದು ಹೋಗುತ್ತಾನೆ. ಬೆಂಚಿನಲ್ಲಿ ಸೋತವನು ಅಲ್ಲೇ, ಗೆದ್ದವನ ತೊಡೆಗೆ ತೊಡೆ ತಾಗಿಸಿಕೊಂಡು, ಮುನಿಸಿಕೊಂಡಿರಬೇಕು.

*

ಶಾಲೆಯಲ್ಲಿ, ಚಹಾ ಅಂಗಡಿಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಅದು ‘ಬೆಂಚು’. ಹೈಕೋರ್ಟಿನಲ್ಲಿ, ಐಟಿ ಕಂಪನಿಯಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ ‘ಬೆಂಚ್’. ಕೂರಲು ಬರುವುದಕ್ಕೆ ಕನ್ನಡ ಒಂದು ಉಕಾರ ಕೊಟ್ಟು ಮನೆಯೊಳಗೆ ಕರೆದುಕೊಂಡಿತು. ಕೂರಲು ಬಾರದವು ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಹೊಸ್ತಿಲಲ್ಲಿ ನಿಂತಿವೆ.

*

ನ್ಯಾಯಾಲಯದಲ್ಲಿ ‘ಬೆಂಚ್’ ಎನಿಸಿಕೊಳ್ಳುವವರು ಕೂರುವುದು ಎತ್ತರದ ಬೆನ್ನಿನ, ಬೇರೆ ಬೇರೆ ಕುರ್ಚಿಗಳಲ್ಲಿ. ನಿಜವಾದ ಬೆಂಚುಗಳು ಹೊರಗೆ ಕಾರಿಡಾರಿನಲ್ಲಿವೆ. ಅವುಗಳ ಮೇಲೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಹಣಿ ಹಿಡಿದ ಕಕ್ಷಿದಾರರು ಬೆಳಗ್ಗೆಯಿಂದ ಕೂತಿದ್ದಾರೆ. ಅವರನ್ನು ಮಾತ್ರ ಯಾರೂ ಬೆಂಚ್ ಎನ್ನುವುದಿಲ್ಲ.

*

ನಮ್ಮ ಪತ್ರಿಕೆಗಳು ಈ ಬೆಂಚನ್ನು ‘ಪೀಠ’ ಮಾಡಿದವು. ಏಕಸದಸ್ಯ ಪೀಠ, ವಿಭಾಗೀಯ ಪೀಠ, ಪೂರ್ಣ ಪೀಠ, ಸಂವಿಧಾನ ಪೀಠ. ಮರದ ಹಲಗೆಯಲ್ಲಿದ್ದ ಸಾದಾತನ ಹೋಗಿ ಮಠದ ಗಾಂಭೀರ್ಯ ಬಂತು. ಹಲಗೆಯ ಮೇಲೆ ಕೂತವರನ್ನು ಪ್ರಶ್ನೆ ಕೇಳಬಹುದು, ಪೀಠದಲ್ಲಿ ಕೂತವರಿಗೆ ಕೈ ಮುಗಿಯಬೇಕೆನಿಸುತ್ತದೆ. ಅನುವಾದಕರು ಯೋಚಿಸಿಯೇ ಮಾಡಿದರೋ, ಡೆಡ್‌ಲೈನಿನ ಅವಸರವೋ, ಅಂತೂ ವಕೀಲರಿಗೆ ಅನುಕೂಲವಾಯಿತು.

*

ಇಂಗ್ಲೆಂಡಿನ ಹೈಕೋರ್ಟಿನಲ್ಲಿ ಒಂದು ವಿಭಾಗದ ಹೆಸರೇ ಬೆಂಚು. ಸಿಂಹಾಸನದಲ್ಲಿ ರಾಜನಿದ್ದರೆ ಕಿಂಗ್ಸ್ ಬೆಂಚ್, ರಾಣಿಯಿದ್ದರೆ ಕ್ವೀನ್ಸ್ ಬೆಂಚ್. ಎರಡನೇ ಎಲಿಜಬೆತ್ ಎಪ್ಪತ್ತು ವರ್ಷ ಆಳಿದ್ದರಿಂದ ಕೆಲವು ವಕೀಲರು ಕ್ವೀನ್ಸ್ ಬೆಂಚಿನಲ್ಲೇ ಹುಟ್ಟಿ, ಓದಿ, ವಾದಿಸಿ, ನಿವೃತ್ತರೂ ಆದರು. 2022ರ ಸೆಪ್ಟೆಂಬರ್ 8ರಂದು ರಾಣಿ ತೀರಿಕೊಂಡ ಕೂಡಲೇ ಬೆಂಚಿನ ಹೆಸರು ಬದಲಾಯಿತು. ಮರ ಅದೇ, ಜಡ್ಜುಗಳೂ ಅವರೇ.

*

ಒಬ್ಬ ನ್ಯಾಯಾಧೀಶ ಒಬ್ಬನೇ ಕೂತರೂ ‘ಸಿಂಗಲ್ ಬೆಂಚ್’. ಒಬ್ಬನೇ ಕೂತ ಬೆಂಚಿನಲ್ಲೂ ಪಕ್ಕದಲ್ಲಿ ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗದ ಹೆಸರೇ ಮೇಲ್ಮನವಿ.

*

ಭಾರತದ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಕೊಟ್ಟ ಅತಿ ದೊಡ್ಡ ಪೀಠ ಹದಿಮೂರು ಜನರದು. ಅದರ ಮುಂದೆ ನಿಂತ ಹೆಸರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರದು, ಯಕ್ಷಗಾನಕ್ಕೆ ಭಾಗವತಿಕೆ ಮಾಡುತ್ತಿದ್ದ ಸನ್ಯಾಸಿ. ಕೇರಳ ಸರ್ಕಾರದ ಭೂಸುಧಾರಣೆಯಿಂದ ಮಠದ ಜಮೀನು ಹೋಗುತ್ತದೆಂದು ಕೋರ್ಟಿಗೆ ಹೋದರು. 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ಸಂವಿಧಾನದ ‘ಮೂಲ ಸಂರಚನೆ’ ಉಳಿಯಿತು. ಆರು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ, ನಡುವೆ ಒಬ್ಬರು ಯಾವ ಕಡೆ ಸರಿದರು ಎಂಬುದರ ಮೇಲೆ ಗಣರಾಜ್ಯ ನಿಂತಿತ್ತು. ಸ್ವಾಮೀಜಿಗೆ ಜಮೀನಿನ ವಿಷಯದಲ್ಲಿ ದೊಡ್ಡ ಲಾಭವಾಗಲಿಲ್ಲ. ಕಾನೂನು ಕಾಲೇಜುಗಳಲ್ಲಿ ಮಾತ್ರ ಅವರ ಹೆಸರು ದಿನಾ ಪಾರಾಯಣವಾಗುತ್ತದೆ.

*

ಎರಡು ವರ್ಷದ ಮೇಲೆ, ತುರ್ತು ಪರಿಸ್ಥಿತಿಯಲ್ಲಿ, ಅದೇ ತೀರ್ಪನ್ನು ಮತ್ತೆ ತೂಗಿ ನೋಡಲು ಇನ್ನೊಂದು ಹದಿಮೂರು ಜನರ ಪೀಠ ಕೂತಿತು. ಕೆಲವೇ ದಿನಗಳಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅದನ್ನು ವಿಸರ್ಜಿಸಿದರು. ಗರಗಸವಿಲ್ಲದೆ ಬೆಂಚು ಮುರಿಯುವ ವಿದ್ಯೆ ಕೋರ್ಟಿಗೆ ಮಾತ್ರ ಗೊತ್ತು.

*

ಮುಂದೆ ಎಸ್.ಆರ್. ಬೊಮ್ಮಾಯಿ ಪ್ರಕರಣ, 1994, ಒಂಬತ್ತು ಜನರ ಪೀಠ: ಬಹುಮತ ಎಣಿಸಬೇಕಾದ್ದು ರಾಜಭವನದ ಸೋಫಾದ ಮೇಲಲ್ಲ, ಸದನದಲ್ಲಿ. ಆಮೇಲೆ ಕೆ.ಎಸ್. ಪುಟ್ಟಸ್ವಾಮಿ ಪ್ರಕರಣ, 2017, ಮತ್ತೆ ಒಂಬತ್ತು: ಖಾಸಗಿತನ ಮೂಲಭೂತ ಹಕ್ಕು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಬೆಂಚಿನ ಮೇಲೆ ಕೂತು ಎದ್ದವರು, ಬೆಂಚಿನ ಎದುರಿಗೆ ಬಂದು ನಿಂತರು. ಒಬ್ಬ ಸ್ವಾಮೀಜಿ, ಒಬ್ಬ ಮುಖ್ಯಮಂತ್ರಿ, ಒಬ್ಬ ಜಡ್ಜ್. ದೇಶದ ದೊಡ್ಡ ಪೀಠಗಳ ಮುಂದೆ ಕನ್ನಡ ಬಲ್ಲವರ ಹೆಸರುಗಳೇ ಹೀಗೆ ಸಾಲಾಗಿ ನಿಂತಿರುವುದು ನಮ್ಮ ಹಕ್ಕಿನ ಪ್ರಜ್ಞೆಯೋ ವ್ಯಾಜ್ಯದ ಪ್ರೀತಿಯೋ, ಹೇಳುವುದು ಕಷ್ಟ.

*

ಸಂವಿಧಾನವನ್ನು ಅರ್ಥೈಸಬೇಕಾದ ಮಹತ್ವದ ಪ್ರಶ್ನೆಗೆ ಕಡಿಮೆಯೆಂದರೆ ಐದು ಜನ ಕೂರಬೇಕು ಎನ್ನುತ್ತದೆ 145ನೇ ವಿಧಿ. ಐದು, ಏಳು, ಒಂಬತ್ತು, ಹದಿಮೂರು. ಕಾನೂನಿಗೆ ಬೆಸ ಸಂಖ್ಯೆ ಇಷ್ಟ. ಭಿನ್ನಾಭಿಪ್ರಾಯಕ್ಕೆ ಹೆದರಿ ಅಲ್ಲ, ಅದು ಸರಿಸಮವಾಗಿಬಿಟ್ಟರೆ ಎಂಬ ಹೆದರಿಕೆಯಿಂದ.

*

ಹೆದರಿಕೆ ಸುಳ್ಳಲ್ಲ. ಉಡುಪಿಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಹುಡುಗಿಯರು ತರಗತಿಯ ಬೆಂಚಿನಲ್ಲಿ ಕೂರಬಹುದೇ ಎಂದು ಎದ್ದ ಪ್ರಶ್ನೆ 2022ರ ಮಾರ್ಚಿನಲ್ಲಿ ಹೈಕೋರ್ಟಿನ ಮೂವರ ಪೀಠದಲ್ಲಿ ‘ಇಲ್ಲ’ ಎಂದು ಮುಗಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠದಲ್ಲಿ ಒಬ್ಬರು ಹೌದು, ಒಬ್ಬರು ಅಲ್ಲ ಎಂದರು. ಕಡತ ಇನ್ನೂ ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಯವರ ಮೇಜಿಗೆ ಹೋಯಿತು. ಕೋರ್ಟಿನ ಬೆಂಚು ದೊಡ್ಡದಾಗಲು ಕಾಯಬಹುದು. ಕಾಲೇಜಿನ ಬೆಂಚು ಎರಡೇ ವರ್ಷದ್ದು, ಪಿಯುಸಿ ಮುಗಿದುಹೋಗುತ್ತದೆ.

*

ನ್ಯಾಯ ಎಷ್ಟು ದೂರ? ಧಾರವಾಡದ ರೈತನಿಗೆ 2008ರ ಜುಲೈವರೆಗೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು. ಕಲಬುರಗಿಯವನಿಗೆ ಅದಕ್ಕಿಂತ ದೂರ. ರಾತ್ರಿ ಬಸ್ಸು ಹತ್ತಿ, ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಹೈಕೋರ್ಟಿರುವ ಅಠಾರಾ ಕಚೇರಿಯ ಕೆಂಪು ಗೋಡೆಗಳ ಕೆಳಗೆ ನಿಂತು, ‘ಮುಂದಿನ ತಾರೀಕು’ ಕೇಳಿಕೊಂಡು ಮತ್ತೆ ರಾತ್ರಿ ಬಸ್ಸು. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿ ಸಂಚಾರಿ ಪೀಠ ತಂದರು, 2013ರಲ್ಲಿ ಅದು ಕಾಯಂ ಆಯಿತು. ಬೆಂಚಿಗಾಗಿ ಬೀದಿಗಿಳಿದವರು ಎಂದರೆ ಹೊರಗಿನವರಿಗೆ ನಗು ಬರಬಹುದು. ಬಸ್ ಚಾರ್ಜು ಕೊಟ್ಟವರಿಗೆ ಬರುವುದಿಲ್ಲ.

*

ಸುಪ್ರೀಂ ಕೋರ್ಟು ದೆಹಲಿಯಲ್ಲಿ, ಅಥವಾ ರಾಷ್ಟ್ರಪತಿಗಳ ಒಪ್ಪಿಗೆಯೊಂದಿಗೆ ಬೇರೆ ಕಡೆಯೂ ಕೂರಬಹುದು ಎಂದು 130ನೇ ವಿಧಿ ಹೇಳುತ್ತದೆ. ದಕ್ಷಿಣಕ್ಕೊಂದು ಪೀಠ ಬೇಕೆಂಬ ಕೂಗು ಹಳೆಯದು. ‘ಅಥವಾ’ ಇನ್ನೂ ದೆಹಲಿ ಬಿಟ್ಟು ಹೊರಟಿಲ್ಲ.

*

ಕೋರ್ಟ್ ಹಾಲಿನಲ್ಲಿ ಹುದ್ದೆಯ ಹೆಸರಿಗೇ ಬೆಂಚು ಅಂಟಿಸಿಕೊಂಡಿರುವವರು ಬೆಂಚ್ ಕ್ಲರ್ಕ್. ಜಡ್ಜುಗಳು ವರ್ಗವಾಗುತ್ತಾರೆ, ವಕೀಲರು ವಕಾಲತ್ತು ಬದಲಾಯಿಸುತ್ತಾರೆ, ಕಕ್ಷಿದಾರರು ತೀರಿಯೂ ಹೋಗುತ್ತಾರೆ. ಯಾವ ಫೈಲು ಯಾವ ಫೈಲಿನ ಕೆಳಗಿದೆ ಎಂಬ ಜ್ಞಾನ ಮಾತ್ರ ಅವರ ಕೈಬೆರಳಿನಲ್ಲಿ ಉಳಿದಿರುತ್ತದೆ. ಕಾನೂನು ಪುಸ್ತಕದಲ್ಲಿದೆ, ತಾರೀಕು ಅವರ ಹತ್ತಿರ.

*

ಶಾಲೆಯ ಶಿಕ್ಷೆಗಳಲ್ಲಿ ‘ಬೆಂಚಿನ ಮೇಲೆ ನಿಲ್ಲು’ ಎಂಬುದು ವಿಚಿತ್ರ. ಓದದವನು ಒಮ್ಮೆಲೇ ಮೇಷ್ಟರಿಗಿಂತ ಎತ್ತರವಾಗುತ್ತಾನೆ. ಕಿಟಕಿಯಾಚೆ ಮೈದಾನ, ಮೈದಾನದಾಚೆ ಮಾವಿನ ತೋಪು, ಎಲ್ಲ ಅವನೊಬ್ಬನಿಗೇ ಕಾಣುತ್ತದೆ. ಅವಮಾನವಾಗಲಿ ಎಂದು ಕೊಟ್ಟ ಎತ್ತರ ಅದು. ಎಷ್ಟೋ ಹುಡುಗರು ಅದನ್ನು ನೋಟಕ್ಕೆ ಬಳಸಿಕೊಂಡರು.

*

ಮೊದಲ ಬೆಂಚಿನವರಿಗೆ ಬೋರ್ಡು ಕಾಣುತ್ತದೆ. ಕೊನೆಯ ಬೆಂಚಿನವರಿಗೆ ತರಗತಿ ಕಾಣುತ್ತದೆ. ನಡುವಿನ ಬೆಂಚಿನವರು ಯಾರಿಗೂ ಕಾಣುವುದಿಲ್ಲ. ಅವರ ಬಗ್ಗೆ ಸಿನಿಮಾ ಬಂದದ್ದೂ ಕಡಿಮೆ.

*

2024ರ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಸಿನಿಮಾ ನೋಡಿ ಕೇರಳದ ಹಲವು ಶಾಲೆಗಳು ಬೆಂಚುಗಳನ್ನು ಗೋಡೆಗುಂಟ ಕುದುರೆ ಲಾಳದ ಆಕಾರದಲ್ಲಿ ತಿರುಗಿಸಿದವು. ಹಿಂದಿನ ಬೆಂಚು ಎಂಬುದೇ ಇಲ್ಲದಾಯಿತು. ಒಳ್ಳೆಯದೇ. ಆದರೆ ಅರವತ್ತು ಮಕ್ಕಳ ಕೋಣೆಯಲ್ಲಿ ಲಾಳದೊಳಗೆ ಇನ್ನೊಂದು ಲಾಳ ಹಾಕಬೇಕಾಗುತ್ತದೆ, ಆಗ ಹೊರಗಿನ ಲಾಳದವರೇ ಲಾಸ್ಟ್ ಬೆಂಚು. ಸಾಲು ತಿರುಗಿಸುವುದು ಸುಲಭ. ಕಷ್ಟವಿರುವುದು ಅರವತ್ತನ್ನು ಮೂವತ್ತು ಮಾಡುವುದರಲ್ಲಿ, ಅದಕ್ಕೆ ಇನ್ನೊಬ್ಬ ಮೇಷ್ಟ್ರು ಬೇಕು.

*

ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್‌ಗೆ ಬೆಂಚೂ ಇರಲಿಲ್ಲ, ಇತರರ ಪಕ್ಕದ ನೆಲವೂ ಇರಲಿಲ್ಲ. ಮನೆಯಿಂದ ಗೋಣಿಪಟ್ಟೆ ಒಯ್ದು, ಮೂಲೆಯಲ್ಲಿ ಹಾಸಿ ಕೂತು, ಸಂಜೆ ಮತ್ತೆ ಮನೆಗೆ ಹೊತ್ತು ತರಬೇಕಿತ್ತು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಜೊತೆಗೆ ಕೂರುವುದು ಎಂಬ ಸಣ್ಣ ಕ್ರಿಯೆಯಲ್ಲಿ ಏನೇನಿದೆ ಎಂಬುದು, ಕೂರಿಸಿಕೊಳ್ಳದವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೂರಿಸಿಕೊಳ್ಳಲಿಲ್ಲ.

*

ನಾವು ಅಶ್ವತ್ಥಕಟ್ಟೆಯನ್ನು, ಮನೆಯ ಜಗಲಿಯನ್ನು ನೆನೆದು ಕರಗುತ್ತೇವೆ. ಆ ಕಟ್ಟೆಗಳಿಗೆ ಯಾರು ಹತ್ತಬಹುದು, ಯಾರು ಕೆಳಗೆ ನಿಂತೇ ಮಾತಾಡಬೇಕು ಎಂಬ ನಿಯಮವಿತ್ತು. ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಬಾಯಿಪಾಠವಿತ್ತು. ಬೆಂಚು ಹೊರಗಿನಿಂದ ಬಂದ ಸಾಮಾನು, ಅದಕ್ಕೆ ಊರಿನ ನಿಯಮ ತಿಳಿದಿರಲಿಲ್ಲ. ಕೆಲವು ಕಡೆ ಕಲಿಸಿದರು: ಹೋಟೆಲಿನ ಒಳಗೆ ಬೆಂಚು, ಹೊರಗೆ ಬೇರೆ ಲೋಟ. ಕೆಲವು ಕಡೆ ಅದು ಕಲಿಯಲೇ ಇಲ್ಲ.

*

1930ರ ದಶಕದ ಪೋಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ತರಗತಿಯ ಎಡಬದಿಯಲ್ಲಿ ಬೇರೆ ಬೆಂಚುಗಳನ್ನು ಗೊತ್ತು ಮಾಡಿದರು. ‘ಘೆಟ್ಟೋ ಬೆಂಚು’ ಎಂದೇ ಅದರ ಹೆಸರು. 1937ರಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆಯೂ ಸಿಕ್ಕಿತು. ಎಷ್ಟೋ ವಿದ್ಯಾರ್ಥಿಗಳು ಅಲ್ಲಿ ಕೂರಲೊಪ್ಪದೆ ಇಡೀ ಪಾಠ ನಿಂತುಕೊಂಡೇ ಕೇಳಿದರು. ಅವರ ಜೊತೆಗೆ ನಿಂತೇ ಪಾಠ ಮಾಡಿದ ಪ್ರಾಧ್ಯಾಪಕರೂ ಇದ್ದರು. ಕೂರಲು ಜಾಗವಿದ್ದೂ ನಿಲ್ಲುವುದು ಒಂದು ವಾದ. ನಿಂತವನಿಗಾಗಿ ಎದ್ದು ನಿಲ್ಲುವುದು ಅದಕ್ಕೆ ಸಿಗಬಹುದಾದ ಒಳ್ಳೆಯ ಸಾಕ್ಷಿ.

*

ದಕ್ಷಿಣ ಆಫ್ರಿಕಾ 1953ರಲ್ಲಿ ಪಾರ್ಕು, ಬೀಚು, ಬೆಂಚುಗಳನ್ನು ಬಣ್ಣದ ಪ್ರಕಾರ ಹಂಚಲು ಕಾಯ್ದೆಯನ್ನೇ ಮಾಡಿತು. ಹಂಚಿದ್ದು ಸಮನಾಗಿರಬೇಕಿಲ್ಲ ಎಂದೂ ಅದರಲ್ಲೇ ಬರೆಯಿತು. 1990ರಲ್ಲಿ ಕಾಯ್ದೆ ರದ್ದಾಯಿತು. ಕೇಪ್‌ಟೌನಿನಲ್ಲಿ ಹೈಕೋರ್ಟಿಗೆ ಸೇರಿದ ಒಂದು ಕಟ್ಟಡದ ಹೊರಗೆ ಎರಡು ಬೆಂಚುಗಳನ್ನು ಇಂದಿಗೂ ಇಟ್ಟಿದ್ದಾರೆ, ಒಂದರ ಮೇಲೆ ‘ಬಿಳಿಯರಿಗೆ ಮಾತ್ರ’, ಇನ್ನೊಂದರ ಮೇಲೆ ‘ಬಿಳಿಯರಲ್ಲದವರಿಗೆ ಮಾತ್ರ’. ಯಾರು ಯಾವ ಬಣ್ಣದವರು ಎಂದು ತಕರಾರು ಬಂದಾಗ ವಿಚಾರಣೆ ನಡೆಯುತ್ತಿದ್ದದ್ದು ಅದೇ ಕಟ್ಟಡದಲ್ಲಿ. ಈಗ ಪ್ರವಾಸಿಗರು ಅಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾವುದರ ಮೇಲೆ ಕೂರಬೇಕೆಂದು ಒಂದು ಕ್ಷಣ ತಡವರಿಸದವರು ಕಡಿಮೆ ಇರಬೇಕು.

*

ಈಗಿನ ಊರುಗಳು ಬೆಂಚಿನ ಮೇಲೆ ಬೋರ್ಡು ಹಾಕುವುದಿಲ್ಲ. ನಡುವೆ ಎರಡು ಕಬ್ಬಿಣದ ಕೈ ಬೆಸುಗೆ ಹಾಕಿಬಿಡುತ್ತಾರೆ. ಕೂರಬಹುದು, ಮಲಗುವಂತಿಲ್ಲ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ 2012ರಲ್ಲಿ ಬಂದ ಕಾಂಕ್ರೀಟಿನ ಬೆಂಚು ಇನ್ನೂ ಜಾಣ: ಎಲ್ಲ ಕಡೆ ಇಳಿಜಾರು. ಮಲಗಲಾಗದು, ಸ್ಕೇಟಿಂಗ್ ಆಗದು, ಚೀಲ ಕದಿಯಲಾಗದು, ಪೋಸ್ಟರ್ ಅಂಟಿಸಲಾಗದು. ಏನೇನು ಆಗಬಾರದು ಎಂಬುದನ್ನು ಅಷ್ಟು ಕೂಲಂಕಷವಾಗಿ ಯೋಚಿಸಿದವರು, ಬೆನ್ನುನೋವಿನ ಅಜ್ಜನೊಬ್ಬ ಅಲ್ಲಿ ಕೂರಬಹುದೆಂದು ಯೋಚಿಸಿದಂತಿಲ್ಲ.

*

ನಮ್ಮ ಬಸ್ ನಿಲ್ದಾಣಗಳ ಸ್ಟೀಲ್ ಕೊಳವೆಯ ಆಸನಗಳು ಅದೇ ಮನೆತನದವು. ಅವುಗಳ ಮೇಲೆ ಕೂರುವುದಿಲ್ಲ, ಒರಗಿಕೊಳ್ಳುತ್ತೇವೆ. ಬಸ್ಸು ತಡವಾಗುವುದಿಲ್ಲ ಎಂಬ ನಂಬಿಕೆಯಲ್ಲಿ ಮಾಡಿಸಿದ ಪೀಠೋಪಕರಣ.

*

ಸಿಮೆಂಟಿನ ಬೆಂಚಿನ ಬೆನ್ನಿಗೆ ಹೆಸರು ಬರೆಸುತ್ತಾರೆ: ದಿವಂಗತ ಇಂಥವರ ಜ್ಞಾಪಕಾರ್ಥ, ಮಕ್ಕಳು ಮತ್ತು ಮೊಮ್ಮಕ್ಕಳು. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲಿನ ಹೆಸರು ಬೆಳಕನ್ನು ಮುಚ್ಚುತ್ತದೆ. ಬೆಂಚಿನ ಮೇಲಿನ ಹೆಸರನ್ನು ಕೂತವರ ಬೆನ್ನು ಮುಚ್ಚುತ್ತದೆ. ದಾನಕ್ಕೆ ಬೆಂಚೇ ಮೇಲು.

*

ರೈಲಿನ ಎರಡನೇ ದರ್ಜೆಯಲ್ಲಿ ಬಹುಕಾಲ ಇದ್ದದ್ದು ಬರೀ ಹಲಗೆ. ಜನತಾ ಸರ್ಕಾರದಲ್ಲಿ 1977ರಿಂದ 1979ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ ಅದಕ್ಕೆ ಎರಡಂಗುಲ ಫೋಮ್ ಹಾಕಿಸಿದರು. ಮೊದಲ ದರ್ಜೆಯನ್ನು ಕೆಳಗಿಳಿಸುವ ಸಮಾಜವಾದದ ಬದಲು, ಎರಡನೇ ದರ್ಜೆಯನ್ನು ಎರಡಂಗುಲ ಮೇಲೆತ್ತುವ ಸಮಾಜವಾದ. ಕ್ರಾಂತಿಗಳನ್ನು ಎಷ್ಟೋ ಜನ ಮರೆತರು. ಬೆನ್ನು ಮರೆಯಲಿಲ್ಲ.

*

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತನ್ನು ಬೆಂಗಳೂರಿನ ಗುಣಲಕ್ಷಣವೆಂದು ಹೊರಗಿನವರು ಹೊಗಳುತ್ತಾರೆ, ಕೆಲವರು ಹಂಗಿಸುತ್ತಾರೆ. ಅದು ಹುಟ್ಟಿದ್ದು ಬಹುಶಃ ಮೂರು ಜನರ ಸೀಟಿನ ಮುಂದೆ ನಿಂತ ನಾಲ್ಕನೆಯವನ ಬಾಯಲ್ಲಿ. ಕೇಳುವವನು ಜಾಗ ಕೇಳುತ್ತಿಲ್ಲ, ನೀವು ಈಗಾಗಲೇ ಕೊಡಬೇಕೆಂದಿದ್ದ ಜಾಗವನ್ನು ನೆನಪಿಸುತ್ತಿದ್ದಾನೆ, ಅಷ್ಟೇ. ಗಮನಿಸಿ: ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾವಾಗಲೂ ಕೂತವರು. ನಮ್ಮ ಮನೆಗಳಲ್ಲಿ ಈ ಮಾತು ಸೊಸೆಗೆ ಹೇಳುವಾಗ ಮಾತ್ರ ತಿರುಗುಮುರುಗಾಗಿ, ನಿಂತವಳೇ ಸರಿಯಬೇಕಾಗುತ್ತದೆ.

*

‘ಮಗ ಬೆಂಚ್ ಮೇಲಿದ್ದಾನೆ’ ಎಂದು ಫೋನಿನಲ್ಲಿ ಕೇಳಿದ ಹಳ್ಳಿಯ ತಾಯಿ, ‘ಇನ್ನೂ ಆ ಮೇಷ್ಟ್ರು ಬಿಟ್ಟಿಲ್ವೇ?’ ಎಂದಳಂತೆ. ಐಟಿಯವರ ಹಳೆಯ ಜೋಕು ಇದು, ಪ್ರತಿ ಕಂಪನಿಯಲ್ಲೂ ಅದೇ ಕಂಪನಿಯ ತಾಯಿಯ ಹೆಸರಿನಲ್ಲಿ ಓಡಾಡುತ್ತದೆ.

*

ಐಟಿಯ ಬೆಂಚಿಗೆ ಹಲಗೆಯಿಲ್ಲ, ಕಾಲಿಲ್ಲ. ಹವಾನಿಯಂತ್ರಿತ ಕೋಣೆ, ತಿರುಗುವ ಕುರ್ಚಿ, ಪೂರ್ತಿ ಸಂಬಳ, ಕೆಲಸ ಮಾತ್ರ ಇಲ್ಲ. ಮೊದಲ ವಾರ ಹಬ್ಬ. ಎರಡನೇ ವಾರ ಆನ್‌ಲೈನ್ ಕೋರ್ಸು. ಮೂರನೇ ವಾರ ಕ್ಯಾಂಟೀನಿನಲ್ಲಿ ಹಳೆಯ ಮ್ಯಾನೇಜರ್ ಕಂಡರೆ ಕಾಫಿ ಬಿಟ್ಟು ಎದ್ದುಹೋಗುವುದು. ಸುಮ್ಮನೆ ಕೂರುವುದಕ್ಕೆ ದುಡ್ಡು ಕೊಟ್ಟರೂ ಮನುಷ್ಯ ಸುಮ್ಮನೆ ಕೂರಲಾರ ಎಂಬುದಕ್ಕೆ ವೇದಾಂತದ ಪುರಾವೆ ಬೇಕಿಲ್ಲ, ವೈಟ್‌ಫೀಲ್ಡ್ ಸಾಕು.

*

2025ರ ಜೂನಿನಲ್ಲಿ ಟಿಸಿಎಸ್ ಹೊಸ ನಿಯಮ ತಂದಿತು: ವರ್ಷಕ್ಕೆ 225 ದಿನ ಗ್ರಾಹಕರಿಗೆ ಬಿಲ್ ಮಾಡುವ ಕೆಲಸದಲ್ಲಿರಬೇಕು, ಬೆಂಚ್ ಮೇಲೆ 35 ದಿನಕ್ಕಿಂತ ಹೆಚ್ಚು ಇರಬಾರದು. ಒಂದು ಕಾಲಕ್ಕೆ ಬೆಂಚು ಕಂಪನಿಯ ಕಣಜವಾಗಿತ್ತು, ನಾಳೆ ಪ್ರಾಜೆಕ್ಟ್ ಬಂದರೆ ಕೂಡಲೇ ಇಳಿಸಲು ಇಟ್ಟ ಜನ. ಈಗ ಅದು ಕಂಪನಿಯ ಖರ್ಚು. ಬೆಂಚು ಬದಲಾಗಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಅದು ಕೂತಿದ್ದ ಕಾಲಮ್ಮು ಬದಲಾಯಿತು. ಪ್ರಾಜೆಕ್ಟ್ ತರಬೇಕಾದವರು ಯಾರು ಎಂಬ ಪ್ರಶ್ನೆಗೆ ಆ 35 ದಿನಗಳಲ್ಲಿ ಉತ್ತರ ಹುಡುಕಬೇಕಾದವನು, ವಿಚಿತ್ರವೆಂದರೆ, ಬೆಂಚಿನ ಮೇಲಿರುವವನೇ.

*

ಆಟದ ಬೆಂಚೂ ಹೀಗೆಯೇ, ಆದರೆ ಅಲ್ಲಿ ಒಂದು ಆಸೆಯಿದೆ. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಬದಲಿ ಆಟಗಾರನನ್ನು ಇಳಿಸಲು ಅವಕಾಶ ಸಿಕ್ಕಿದ್ದೇ 1970ರಲ್ಲಿ, ಮೊದಲು ಇಳಿದದ್ದು ಸೋವಿಯತ್ ತಂಡದ ಅನತೊಲಿ ಪುಜಾಚ್. ಅಲ್ಲಿಯವರೆಗೆ ಕಾಲು ಮುರಿದರೆ ಹತ್ತೇ ಜನ ಆಡಬೇಕಿತ್ತು. 1999ರ ಮೇ 26, ಬಾರ್ಸಿಲೋನಾದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಯರ್ನ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ 90 ನಿಮಿಷ ಮುಗಿದರೂ ಒಂದು ಗೋಲು ಹಿಂದೆ. ಹೆಚ್ಚುವರಿ ಸಮಯದ ಆ ಕೆಲವು ನಿಮಿಷಗಳಲ್ಲಿ ಎರಡು ಗೋಲು, ಹೊಡೆದವರು ಶೆರಿಂಗ್‌ಹ್ಯಾಮ್, ಸೋಲ್ಶೇರ್, ಇಬ್ಬರೂ ಬೆಂಚಿನಿಂದ ಎದ್ದು ಬಂದವರು. ಆವತ್ತಿನಿಂದ ಜಗತ್ತಿನ ಬೆಂಚುಗಳ ಮೇಲೆಲ್ಲ ಸೋಲ್ಶೇರ್‌ಗಳು ಕೂತಿದ್ದಾರೆ. 93ನೇ ನಿಮಿಷ ಎಲ್ಲರಿಗೂ ಬರುವುದಿಲ್ಲ.

*

ಕ್ರಿಕೆಟ್ಟಿನ ಹನ್ನೆರಡನೆಯವನು ಇನ್ನೂ ಪಾಪದವನು. ಫೀಲ್ಡಿಂಗ್ ಮಾಡಬಹುದು, ನೀರು ಒಯ್ಯಬಹುದು, ಸಾಮಾನ್ಯವಾಗಿ ಬ್ಯಾಟು ಹಿಡಿಯುವಂತಿಲ್ಲ. ಮದುವೆಮನೆಯಲ್ಲಿ ಬಡಿಸಿಯೇ ಉಪವಾಸ ಮಲಗುವ ಚಿಕ್ಕಪ್ಪನ ಹಾಗೆ.

*

ಕನ್ನಡದಲ್ಲಿ ‘ಕಾಯುವುದು’ ಎಂದರೆ ಬಿಸಿಯಾಗುವುದೂ ಹೌದು, ನಿರೀಕ್ಷಿಸುವುದೂ ಹೌದು, ಕಾವಲಿರುವುದೂ ಹೌದು. ಬೆಂಚು ಕಾಯುವವನು ಮೂರನ್ನೂ ಒಟ್ಟಿಗೆ ಮಾಡುತ್ತಾನೆ.

*

ಬ್ರಿಟನ್ನಿನ ಕೆಳಮನೆಯಲ್ಲಿ ಸದಸ್ಯರು 650, ಹಸಿರು ಬೆಂಚುಗಳಲ್ಲಿ ಜಾಗವಿರುವುದು 427 ಜನಕ್ಕೆ. 1941ರಲ್ಲಿ ಜರ್ಮನ್ ಬಾಂಬಿಗೆ ಸದನ ಸುಟ್ಟುಹೋದಾಗ ದೊಡ್ಡದು ಕಟ್ಟಬಹುದಿತ್ತು. ಚರ್ಚಿಲ್ ಬೇಡವೆಂದರು. ಎಲ್ಲರಿಗೂ ಕುರ್ಚಿ ಕೊಟ್ಟರೆ ಸಾಮಾನ್ಯ ದಿನಗಳಲ್ಲಿ ಖಾಲಿ ಸದನಕ್ಕೆ ಭಾಷಣ ಮಾಡಬೇಕಾಗುತ್ತದೆ, ಜಾಗ ಸಾಲದಿದ್ದರೆ ಮಹತ್ವದ ದಿನ ಇಕ್ಕಟ್ಟಿನ ಬಿಸಿ ಇರುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ಎಲ್ಲ ಶಾಸಕರಿಗೂ ಗೊತ್ತಾದ ಆಸನವಿದೆ, ಮುಂದೆ ಮೇಜಿದೆ, ಕುಟ್ಟಲು ಅನುಕೂಲ. ಕೋರಂ ಬೆಲ್ ಮಾತ್ರ ಹೊಡೆಯುತ್ತಲೇ ಇರಬೇಕಾಗುತ್ತದೆ.

*

ಆಡಳಿತದ ಬೆಂಚಿನಲ್ಲಿದ್ದಾಗ ಅರ್ಥವಾಗದ ಸಮಸ್ಯೆಗಳೆಲ್ಲ ವಿರೋಧದ ಬೆಂಚಿಗೆ ಬಂದ ಕೂಡಲೇ ಅಂಕಿ ಅಂಶ ಸಮೇತ ಅರ್ಥವಾಗುತ್ತವೆ. ಕೂತ ಜಾಗದಿಂದ ದೃಷ್ಟಿ ಬದಲಾಗುವುದನ್ನು ಕಣ್ಣಿನ ಡಾಕ್ಟರುಗಳು ಇನ್ನೂ ದಾಖಲಿಸಬೇಕಿದೆ.

*

ಇಟಲಿಯ ಪೇಟೆಗಳಲ್ಲಿ ಹಣ ಬದಲಾಯಿಸುವವರು ಹಾಕಿಕೊಂಡು ಕೂರುತ್ತಿದ್ದ ಬೆಂಚಿನಿಂದ ‘ಬ್ಯಾಂಕ್’ ಬಂತು. ಬೆಂಚು ಒಡೆದರೆ ‘ಬ್ಯಾಂಕ್ರಪ್ಟ್’. ಆ ಬೆಂಚಿಗೆ ನಮ್ಮ ಕರಾವಳಿಯಷ್ಟು ಮರ ಕೊಟ್ಟ ಜಾಗ ದೇಶದಲ್ಲಿ ಕಡಿಮೆ: ಕೆನರಾ, ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ 1924, ಸಿಂಡಿಕೇಟ್ 1925, ವಿಜಯಾ 1931. ಐದೂ ಮಂಗಳೂರು, ಉಡುಪಿಯವು. 2019 ಮತ್ತು 2020ರ ಏಪ್ರಿಲ್ ಒಂದರಂದು ಮೂರರ ಹೆಸರು ಹೋಯಿತು. ಯಾವ ಬೆಂಚೂ ಒಡೆದಿರಲಿಲ್ಲ. ಒಟ್ಟಿಗೆ ಸೇರಿಸಿ ಉದ್ದ ಮಾಡಿದರು, ಅಷ್ಟೇ. ಹೆಸರು ಕಳೆದುಕೊಂಡ ಬ್ಯಾಂಕಿನ ಹಳೆಯ ಗಿರಾಕಿಗಳು ಇವತ್ತಿಗೂ ರಿಕ್ಷಾದವನಿಗೆ ಹಳೆಯ ಹೆಸರೇ ಹೇಳುತ್ತಾರೆ, ಅವನೂ ಅಲ್ಲಿಗೇ ಕರೆದೊಯ್ಯುತ್ತಾನೆ.

*

ಐಟಿಐ ಓದಿದ ಫಿಟ್ಟರ್‌ಗೆ ಬೆಂಚು ಎಂದರೆ ಕೂರುವ ವಸ್ತುವಲ್ಲ, ನಿಂತು ದುಡಿಯುವ ಎತ್ತರ. ಅವನ ಬೆಂಚಿಗೆ ಬೋಲ್ಟ್ ಮಾಡಿದ ಬೆಂಚ್ ವೈಸ್ ಇದೆ. ಅವನ ಅಣ್ಣನ ಮಗ ಎಂಜಿನಿಯರ್, ಬೆಂಚ್ ಮೇಲಿದ್ದಾನೆ. ಒಂದೇ ಮನೆಯಲ್ಲಿ ಒಂದೇ ಪದಕ್ಕೆ ಕೆಲಸ, ಕೆಲಸವಿಲ್ಲ ಎಂಬ ಎರಡೂ ಅರ್ಥ. ಸಂಬಳ ಮಾತ್ರ ತಲೆಕೆಳಗು.

*

ಸಂಡೂರಿನ ಅದಿರಿನ ಗುಡ್ಡಗಳನ್ನು ದೂರದಿಂದ ನೋಡಿದರೆ ಕೆಂಪು ಮೆಟ್ಟಿಲುಗಳು ಕಾಣುತ್ತವೆ. ಗಣಿಯವರು ಪ್ರತಿ ಮೆಟ್ಟಿಲನ್ನೂ ಬೆಂಚ್ ಎನ್ನುತ್ತಾರೆ. ಮೇಲಿನ ಬಂಡೆ ಜಾರಿದರೆ ಕೆಳಗೆ ದುಡಿಯುವವನ ತಲೆಯ ಮೇಲೆ ಬೀಳದೆ ನಡುವೆ ನಿಲ್ಲಲಿ ಎಂದು ಬಿಡುವ ಜಾಗ ಅದು. ಬೆಂಚಿನ ಅಗಲ ಅದರ ಎತ್ತರಕ್ಕಿಂತ ಕಡಿಮೆಯಾಗಬಾರದು ಎಂದು 1961ರ ಗಣಿ ನಿಯಮಾವಳಿ ಹೇಳುತ್ತದೆ. ಅಗಲ ಬಿಟ್ಟಷ್ಟೂ ಅದಿರು ಕಡಿಮೆ ಸಿಗುತ್ತದೆ. ಆದ್ದರಿಂದ ಲೋಭವನ್ನು ಅಳೆಯಬೇಕೆಂದರೆ ಟೇಪು ಹಿಡಿಯಬೇಕಾದದ್ದು ಗುಡ್ಡದ ಎತ್ತರಕ್ಕಲ್ಲ, ಬೆಂಚಿನ ಅಗಲಕ್ಕೆ.

*

ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆಯ ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಮರದ ಬೆಂಚಿನಲ್ಲಿ ಕೂರಿಸಿದರು. ದುಃಖದಲ್ಲಿದ್ದವರು ಬಂದು ಪಕ್ಕದಲ್ಲಿ ಕೂತು ಮಾತಾಡಬೇಕು, ಇದೇ ಚಿಕಿತ್ಸೆ. ಬೆಂಚು ಯಾಕೆ ಎಂದರೆ ದೊಡ್ಡ ಸಿದ್ಧಾಂತವೇನಿಲ್ಲ, ಒಳಗೆ ಕೋಣೆ ಇರಲಿಲ್ಲ. ಹತ್ತು ವರ್ಷದ ಮೇಲೆ, 2016ರಲ್ಲಿ, ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಅದರ ಫಲಿತಾಂಶ ಪ್ರಕಟವಾಯಿತು: ಸಾಮಾನ್ಯ ಚಿಕಿತ್ಸೆಗಿಂತ ಈ ಬೆಂಚು ಚೆನ್ನಾಗಿ ಕೆಲಸ ಮಾಡಿತ್ತು. ಅಲ್ಲಿಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹೇಳುವ ಮಾತಿನ ಅರ್ಥ ‘ತುಂಬ ಯೋಚಿಸುವುದು’. ನಮ್ಮ ಕಡೆ ‘ಅವಳಿಗೆ ಯೋಚ್ನೆ ಜಾಸ್ತಿ’ ಅನ್ನುವುದಿಲ್ಲವೇ, ಅದೇ.

*

ಎದುರುಬದುರು ಕೂತರೆ ಉತ್ತರ ಕೊಡಬೇಕಾಗುತ್ತದೆ. ಪಕ್ಕಪಕ್ಕ ಕೂತರೆ ಇಬ್ಬರೂ ರಸ್ತೆ ನೋಡುತ್ತ ಹೇಳಬೇಕಾದ್ದನ್ನು ಹೇಳಿಬಿಡಬಹುದು. ಗಂಡಸರು ಬೆಂಚಿನ ಮೇಲೆ ಬಾಯಿಬಿಡುವಷ್ಟು ಮನೆಯ ಮೇಜಿನ ಮುಂದೆ ಬಿಡದಿರುವುದಕ್ಕೆ ಇಷ್ಟೇ ಕಾರಣ.

*

ಸರ್ವೆಯವರ ‘ಬೆಂಚ್ ಮಾರ್ಕ್’ ಯಾರೂ ಕೂರದ ಬೆಂಚು. ಹಿಂದೆ ಕಲ್ಲಿನಲ್ಲಿ ಅಡ್ಡಗೀರು ಕೊರೆದು, ಅಳತೆಯ ಸಮಯಕ್ಕೆ ಅದರೊಳಗೆ ಕಬ್ಬಿಣದ ಪಟ್ಟಿ ತೂರಿಸುತ್ತಿದ್ದರು. ಅಳತೆಗೋಲು ನಿಲ್ಲಲು ಅದೇ ಬೆಂಚು. ದೇಶದ ಎತ್ತರಗಳಿಗೆಲ್ಲ ಸೊನ್ನೆ ಎಲ್ಲಿ ಎಂದು ಕಳೆದ ಶತಮಾನದ ಆರಂಭದಲ್ಲಿ ಗೊತ್ತುಮಾಡಿದಾಗ ಆಧಾರಕ್ಕೆ ಹಿಡಿದದ್ದು ಒಂಬತ್ತು ಬಂದರುಗಳ ಸಮುದ್ರಮಟ್ಟ, ಅವುಗಳಲ್ಲಿ ಕಾರವಾರವೂ ಒಂದು. ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಬರೆದಿರುವ ಎತ್ತರ ಇಂಥ ಕಡಲತೀರಗಳಿಂದ ಕಲ್ಲಿನಿಂದ ಕಲ್ಲಿಗೆ ದಾಟಿಕೊಂಡು ಬಂದದ್ದು.

*

ಅಷ್ಟು ದೂರದ ಸಮುದ್ರಕ್ಕೆ ಪಿಡಬ್ಲ್ಯೂಡಿ ಎಂಜಿನಿಯರಿಗೆ ಪ್ರತಿಸಲ ಪುರಸೊತ್ತಿರುವುದಿಲ್ಲ. ಮೋರಿಯ ಕಟ್ಟೆಯ ಮೇಲೆ ಕೆಂಪು ಪೇಂಟಿನಲ್ಲಿ ‘ಟಿ.ಬಿ.ಎಂ. 100.000’ ಎಂದು ಬರೆಸುತ್ತಾರೆ. ತಾತ್ಕಾಲಿಕ ಬೆಂಚ್ ಮಾರ್ಕ್. ಆ ನೂರು ಎಲ್ಲಿಂದಲೂ ಬಂದದ್ದಲ್ಲ, ಇಟ್ಟುಕೊಂಡದ್ದು. ಆಮೇಲೆ ಚರಂಡಿಯ ಇಳಿಜಾರು, ರಸ್ತೆಯ ಏರು, ಶಾಲೆಯ ಅಡಿಪಾಯ ಎಲ್ಲವೂ ಆ ಪೇಂಟಿಗೆ ಮೂರು ದಶಮಾಂಶ ಸ್ಥಾನದವರೆಗೆ ನಿಷ್ಠವಾಗಿರುತ್ತವೆ. ರಸ್ತೆ ಅಗಲ ಮಾಡುವಾಗ ಮೊದಲು ಒಡೆಯುವುದು ಅದೇ ಮೋರಿಯನ್ನು, ಆಗ ಕಂಟ್ರಾಕ್ಟರ್ ಮೇಸ್ತ್ರಿ ತಲೆ ಕೆರೆದುಕೊಂಡು ಕೇಳುತ್ತಾನೆ: ‘ಸಾರ್, ನೂರನ್ನ ಈಗ ಎಲ್ಲಿಗೆ ಶಿಫ್ಟ್ ಮಾಡೋಣ?’